ದನದ ಮಾಂಸದ ಅರ್ಥಶಾಸ್ತ್ರ, ಕೊಟ್ಟಿಗೆಯ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಯಲ್ಲಾಪುರ, ಕಾರವಾರದ ಕಡೆಯ ಹಾಲು ಸಂಘಗಳಲ್ಲಿ ಜಾನುವಾರು ಸಾಕಣೆಯ ಖರ್ಚುವೆಚ್ಚದ ಬಗ್ಗೆ ಮಾತಿಗೆ ಕುಳಿತಾಗಲೆಲ್ಲ ಚರ್ಚೆ ಹಾಲಿನಿಂದ ಆರಂಭವಾಗಿ, ಗೊಬ್ಬರಕ್ಕೆ ತಿರುಗಿ, ಕೊನೆಗೆ ಯಾರೂ ಗಟ್ಟಿಯಾಗಿ ಕೇಳಲು ಇಷ್ಟಪಡದ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಕರಾವು ನಿಂತ ಮೇಲೆ ಈ ಪ್ರಾಣಿಯ ಬೆಲೆ ಎಷ್ಟು, ಆ ಬೆಲೆಯನ್ನು ಕೊಡುವವರು ಯಾರು? ಆ ಪ್ರಶ್ನೆಯ ಸುತ್ತಲಿನ ಸಂದೇಹಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಯಾರು ಏನನ್ನು ತಿನ್ನಬೇಕು, ತಿನ್ನಬಾರದು ಎಂಬುದು ಈ ಬರಹದ ವಿಷಯವಲ್ಲ. ಇಲ್ಲಿರುವುದು ಲೆಕ್ಕ ಮಾತ್ರ.

ನಮ್ಮ ಜಿಲ್ಲೆಯ ಹೈನುಗಾರನಿಗೆ ಮಾಂಸದ ಮಾರುಕಟ್ಟೆಯ ತಿಳಿವಳಿಕೆ ಏಕೆ ಬೇಕು?

ಯಂತ್ರವೊಂದನ್ನು ಕೊಂಡು ಹತ್ತು ವರ್ಷ ದುಡಿಸಿದ ಮೇಲೆ ಅದು ಗುಜರಿಗೆ ಹೋಗುವಾಗ ಎಷ್ಟು ತರುತ್ತದೆ ಎಂಬುದು ಆ ಹತ್ತು ವರ್ಷಗಳ ಖರ್ಚನ್ನು ನಿರ್ಧರಿಸುವಂತೆ, ಹಸು ಅಥವಾ ಎಮ್ಮೆಯ ಕೊನೆಯ ಬೆಲೆಯು ಅದರ ಹಾಲಿನ ಉತ್ಪಾದನಾ ವೆಚ್ಚದೊಳಗೆ ಮೊದಲ ದಿನದಿಂದಲೇ ಸೇರಿಕೊಂಡಿರುತ್ತದೆ. ಪ್ರಪಂಚದ ಬಹುತೇಕ ಹೈನು ದೇಶಗಳಲ್ಲಿ ಕರಾವು ನಿಂತ ಹಸು ಮಾಂಸದ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಬಂದ ಹಣ ಹೊಸ ಮಣಕವನ್ನು (ಇನ್ನೂ ಕರು ಹಾಕದ ಎಳೆಯ ಹಸುವನ್ನು) ಕಟ್ಟಲು ನೆರವಾಗುತ್ತದೆ. ಆ ಬಾಗಿಲು ಮುಚ್ಚಿದ ಕಡೆ ಖರ್ಚು ಮಾಯವಾಗುವುದಿಲ್ಲ, ಬೇರೆ ಯಾರದೋ ಪುಸ್ತಕಕ್ಕೆ ವರ್ಗವಾಗುತ್ತದೆ. ಯಾರ ಪುಸ್ತಕಕ್ಕೆ ಎಂಬುದನ್ನು ತಿಳಿಯಬೇಕಾದರೆ ಬಾಗಿಲು ತೆರೆದಿರುವ ಕಡೆ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮಾಂಸಕ್ಕಾಗಿಯೇ ದನ ಸಾಕುವ ದೇಶಗಳಲ್ಲಿ ಉತ್ಪಾದನೆ ಹೇಗೆ ನಡೆಯುತ್ತದೆ?

ಅಮೆರಿಕದ ವ್ಯವಸ್ಥೆಯಲ್ಲಿ ಒಂದೇ ಪ್ರಾಣಿ ಮೂರು ನಾಲ್ಕು ಕೈ ಬದಲಾಯಿಸುತ್ತದೆ. ಮೊದಲನೆಯವರು ತಾಯಿಹಸುಗಳನ್ನು ಹುಲ್ಲುಗಾವಲಿನಲ್ಲಿ ಸಾಕಿ ಕರು ಹಾಕಿಸುವವರು. ಇವರ ಸರಾಸರಿ ಹಿಂಡಿನಲ್ಲಿ 50ಕ್ಕಿಂತ ಕಡಿಮೆ ತಾಯಿಹಸುಗಳಿವೆ ಎಂದರೆ, ಅಮೆರಿಕದ ಕೃಷಿ ಎಂದೊಡನೆ ಸಾವಿರಾರು ಎಕರೆಯ ಚಿತ್ರ ಕಾಣುವ ನಮ್ಮವರಿಗೆ ಆಶ್ಚರ್ಯವಾಗುತ್ತದೆ. ಆರೇಳು ತಿಂಗಳಿಗೆ ಕರು ಹಾಲು ಬಿಟ್ಟ ಮೇಲೆ ಮತ್ತೊಬ್ಬರು ಅದನ್ನು ಕೊಂಡು ಕೆಲವು ತಿಂಗಳು ಮೇಯಿಸುತ್ತಾರೆ. 300ರಿಂದ 350 ಕಿಲೋ ತೂಗುವ ಹೊತ್ತಿಗೆ ಅದು ಫೀಡ್‌ಲಾಟ್ ಎಂಬ ದೊಡ್ಡ ದೊಡ್ಡಿಗೆ ಬರುತ್ತದೆ. ಟೆಕ್ಸಾಸ್, ಕಾನ್ಸಾಸ್, ನೆಬ್ರಾಸ್ಕಾ ರಾಜ್ಯಗಳ ಇಂಥ ದೊಡ್ಡಿಗಳಲ್ಲಿ ಐದಾರು ತಿಂಗಳು ಮೆಕ್ಕೆಜೋಳ ಪ್ರಧಾನವಾದ ಆಹಾರ ತಿಂದು, 600 ಕಿಲೋ ದಾಟಿದ ಮೇಲೆ ಅದು ವಧಾಗಾರಕ್ಕೆ ಹೋಗುತ್ತದೆ.

ಬ್ರೆಜಿಲ್‌ನಲ್ಲಿ ಹುಲ್ಲೇ ಪ್ರಧಾನ, ಕಾಳು ಕಡಿಮೆ, ಕಾಲ ಹೆಚ್ಚು. ಎರಡರ ನಡುವಿನ ಆಯ್ಕೆಯನ್ನು ಮಾಡುವುದು ನೆಲದ ಬೆಲೆ ಮತ್ತು ಜೋಳದ ಬೆಲೆ. ದನವು ಒಂದು ಕಿಲೋ ತೂಕ ಹೆಚ್ಚಿಸಿಕೊಳ್ಳಲು ಆರೇಳು ಕಿಲೋ ಒಣ ಆಹಾರ ಬೇಕಾಗುತ್ತದೆ, ಫಾರಂ ಕೋಳಿಗೆ ಎರಡು ಕಿಲೋಕ್ಕಿಂತ ಕಡಿಮೆ ಸಾಕು. ಹೀಗಾಗಿ ಕಾಳಿನ ಬೆಲೆ ಏರಿದಾಗ ಮೊದಲು ನರಳುವುದು ಫೀಡ್‌ಲಾಟ್. ಅದು ತನ್ನ ನೋವನ್ನು ಕರು ಮಾರುವವನಿಗೆ ಕಡಿಮೆ ಬೆಲೆಯ ರೂಪದಲ್ಲಿ ದಾಟಿಸುತ್ತದೆ.

ಬೆಲೆ ಏರಿದರೆ ಉತ್ಪಾದನೆ ಕೂಡಲೇ ಹೆಚ್ಚಬೇಕಲ್ಲವೇ?

ಇಲ್ಲ. ಬೆಲೆ ಏರಿದಾಗ ಮಾರುಕಟ್ಟೆಗೆ ಬರುವ ಮಾಂಸ ಮೊದಲು ಕಡಿಮೆಯಾಗುತ್ತದೆ. ದನದ ವ್ಯಾಪಾರದ ಎಲ್ಲ ವಿಚಿತ್ರಗಳಿಗೂ ಇದೇ ಮೂಲ.

ಕಾರಣ ಸರಳವಾಗಿದೆ. ಮಣಕವೊಂದು ಮಾಂಸವೂ ಹೌದು, ನಾಳೆ ಕರು ಹಾಕುವ ಯಂತ್ರವೂ ಹೌದು. ಬೆಲೆ ಚೆನ್ನಾಗಿದೆ ಎಂದು ಕಂಡ ಸಾಕಣೆದಾರ ಹಿಂಡು ದೊಡ್ಡದು ಮಾಡಲು ಮಣಕಗಳನ್ನು ಮಾರದೆ ಉಳಿಸಿಕೊಳ್ಳುತ್ತಾನೆ, ಅಷ್ಟರಮಟ್ಟಿಗೆ ಮಾರುಕಟ್ಟೆಗೆ ಬರುವ ದನ ಕಡಿಮೆಯಾಗಿ ಬೆಲೆ ಇನ್ನಷ್ಟು ಏರುತ್ತದೆ. ಉಳಿಸಿಕೊಂಡ ಮಣಕ ಬೆದೆಗೆ ಬಂದು ಗಬ್ಬ ಕಟ್ಟಬೇಕು, ಒಂಬತ್ತು ತಿಂಗಳು ಚಿಲ್ಲರೆ ದಿನ ಹೊರಬೇಕು, ಹಾಕುವುದು ಒಂದೇ ಕರು, ಆ ಕರು ತೂಕ ತುಂಬಿಕೊಳ್ಳಲು ಮತ್ತೆ ಒಂದೂವರೆಯಿಂದ ಎರಡು ವರ್ಷ. ಇಂದು ಮಾಡಿದ ನಿರ್ಧಾರದ ಫಲ ಕೈಗೆ ಬರುವುದು ಸುಮಾರು ಮೂರು ವರ್ಷಗಳ ನಂತರ. ಆ ವೇಳೆಗೆ ಎಲ್ಲರೂ ಅದೇ ನಿರ್ಧಾರ ಮಾಡಿರುವುದರಿಂದ ದನಗಳು ಒಟ್ಟಾಗಿ ಬಂದು ಬೆಲೆ ಕುಸಿಯುತ್ತದೆ. ಕುಸಿದ ಬೆಲೆಯಲ್ಲಿ ತಾಯಿಹಸುಗಳನ್ನೇ ಮಾರಿ ಹಿಂಡು ಕರಗಿಸಲಾಗುತ್ತದೆ, ಬೆಲೆ ಇನ್ನೂ ಇಳಿಯುತ್ತದೆ. ಈ ಏರಿಳಿತದ ಒಂದು ಸುತ್ತಿಗೆ ಅಮೆರಿಕದಲ್ಲಿ ಹತ್ತು ವರ್ಷಗಳ ಆಸುಪಾಸು ಹಿಡಿಯುತ್ತದೆ. ಅಲ್ಲಿಯ ದನಗಳ ಸಂಖ್ಯೆ 1975ರಲ್ಲಿ 13.2 ಕೋಟಿಯಷ್ಟಿದ್ದು ಆ ದೇಶದ ಅತಿ ಹೆಚ್ಚಿನ ಮಟ್ಟ ಎನಿಸಿತ್ತು. 2025ರ ಜನವರಿಯಲ್ಲಿ ಅದು ಸುಮಾರು 8.67 ಕೋಟಿಗೆ ಇಳಿದು 1951ರ ನಂತರದ ಕನಿಷ್ಠ ಮಟ್ಟ ತಲುಪಿತು. ಬರದಿಂದ ಹುಲ್ಲು ಒಣಗಿ ತಾಯಿಹಸುಗಳನ್ನು ಮಾರಿದ್ದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು.

ಶಿರಸಿಯವರಿಗೆ ಇದನ್ನು ಅಡಿಕೆಯ ಮೂಲಕ ಹೇಳುವುದು ಸುಲಭ. ದರ ಕಂಡು ಸಸಿ ನೆಟ್ಟವನು ಫಸಲು ಕಾಣುವುದು ಐದಾರು ವರ್ಷಗಳ ನಂತರ, ಅಷ್ಟರಲ್ಲಿ ಬಯಲುಸೀಮೆಯವರೂ ನೆಟ್ಟಿರುತ್ತಾರೆ. ಅಲ್ಲಿಯವರೆಗೆ ಹೋಲಿಕೆ ಸರಿ. ಆದರೆ ಒಣಗಿಸಿದ ಅಡಿಕೆಯನ್ನು, ಎಂದರೆ ಚಾಲಿಯನ್ನು, ಚೀಲ ಕಟ್ಟಿ ಅಟ್ಟದ ಮೇಲಿಟ್ಟು ದರಕ್ಕಾಗಿ ಕಾಯಬಹುದು, ಕಾಯುವ ಕಾಲಕ್ಕೆ ಅದು ಹುಲ್ಲು ಹಿಂಡಿ ಕೇಳುವುದಿಲ್ಲ. ತೂಕ ತುಂಬಿದ ದನ ಕಾಯುವ ಪ್ರತಿದಿನವೂ ತಿನ್ನುತ್ತದೆ, ಒಂದು ಹಂತದ ನಂತರ ತಿಂದದ್ದು ಮಾಂಸವಾಗದೆ ಕೊಬ್ಬಾಗುತ್ತದೆ. ಮಾರುವವನಿಗೆ ಕಾಯುವ ಶಕ್ತಿ ಇಲ್ಲ ಎಂಬುದನ್ನು ಕೊಳ್ಳುವವನು ಚೆನ್ನಾಗಿ ಬಲ್ಲ.

ಒಂದು ದನದಿಂದ ಎಷ್ಟು ಮಾಂಸ ಸಿಗುತ್ತದೆ?

ನೂರು ಕಿಲೋ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಹದಿಮೂರು ಕಿಲೋ ಆಸುಪಾಸು ಕೆಂಪಡಿಕೆ ಬರುವುದನ್ನು ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಚೆನ್ನಾಗಿ ಕೊಬ್ಬಿಸಿದ 600 ಕಿಲೋ ಹೋರಿಯಲ್ಲಿ ತಲೆ, ಚರ್ಮ, ರಕ್ತ, ಒಳಾಂಗ ಹೋಗಿ ಉಳಿಯುವ ಕಳೇಬರ ಸುಮಾರು 370 ಕಿಲೋ. ಎಲುಬು, ಹೆಚ್ಚಿನ ಕೊಬ್ಬು ಬಿಡಿಸಿ, ತಂಪಿನಲ್ಲಿ ಇಂಗಿದ ನೀರಿನಂಶವನ್ನೂ ಕಳೆದರೆ ಗಿರಾಕಿಯ ಕೈಗೆ ಹೋಗುವುದು 250 ಕಿಲೋ ಹತ್ತಿರ. ಕರಾವು ಮುಗಿಸಿದ ಬಡಕಲು ಹೈನು ಹಸುವಿನಲ್ಲಿ ಅಥವಾ ಎಮ್ಮೆಯಲ್ಲಿ ಕಳೇಬರವೇ ಜೀವತೂಕದ ಅರ್ಧದಷ್ಟಿರುತ್ತದೆ. ನಮ್ಮ ಮಲೆನಾಡು ಗಿಡ್ಡ ತಳಿಯ ಹಸು ನಿಂತಲ್ಲಿ ತೂಗುವುದೇ ನೂರು, ನೂರಿಪ್ಪತ್ತು ಕಿಲೋ. ಮಾಂಸದ ದೃಷ್ಟಿಯಿಂದ ಆ ತಳಿಗೆ ಎಲ್ಲಿಯೂ ಲೆಕ್ಕ ಹೊಂದುವುದಿಲ್ಲ.

ಆದ್ದರಿಂದ ಜೀವತೂಕದ ದರಕ್ಕೂ ಅಂಗಡಿಯ ಮಾಂಸದ ದರಕ್ಕೂ ಇರುವ ಅಂತರವನ್ನು ಕಂಡು ಮಧ್ಯವರ್ತಿ ಅಷ್ಟನ್ನೂ ನುಂಗಿದ ಎಂದು ತೀರ್ಮಾನಿಸಬಾರದು. ಅಂತರದ ದೊಡ್ಡ ಭಾಗ ತೂಕದ ಇಳಿತ. ಇನ್ನೊಂದು ಕಡೆಯಿಂದ, ಕಳೆದುಹೋದಂತೆ ಕಾಣುವ ತೂಕಕ್ಕೂ ಬೆಲೆಯಿದೆ. ಚರ್ಮ ಪಾದರಕ್ಷೆಗೆ, ಕೊಬ್ಬು ಸಾಬೂನಿಗೆ, ಎಲುಬು ಮತ್ತು ಚರ್ಮದ ಚೂರು ಜೆಲಟಿನ್‌ಗೆ, ಔಷಧದ ಕ್ಯಾಪ್ಸೂಲಿಗೆ ಹೋಗುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಷಿಕಾಗೋದ ದೊಡ್ಡ ವಧಾಗಾರಗಳು ದನ ಕೊಂಡ ಬೆಲೆಗಿಂತ ಕಡಿಮೆಗೆ ಮಾಂಸ ಮಾರಿಯೂ ಲಾಭದಲ್ಲಿದ್ದದ್ದು ಈ ಉಪವಸ್ತುಗಳಿಂದ. ಬೀದಿಯ ಸಣ್ಣ ಕಸಾಯಿ ಅವುಗಳೊಂದಿಗೆ ಸ್ಪರ್ಧಿಸಲಾರದೆ ಹೋದದ್ದೂ ಇದೇ ಕಾರಣಕ್ಕೆ, ಒಂದು ದನದ ಕೊಂಬು ಗೊರಸಿಗೆ ಕೊಳ್ಳುವವರಿರುವುದಿಲ್ಲ, ಸಾವಿರ ದನಗಳದ್ದಕ್ಕೆ ಕಾರ್ಖಾನೆಯೇ ಬರುತ್ತದೆ.

ಸಂಸ್ಕರಣೆ ಕೆಲವೇ ಕಂಪನಿಗಳ ಕೈಯಲ್ಲಿ ಹೇಗೆ ಸೇರಿತು?

ರೈಲು, ಮಂಜುಗಡ್ಡೆ ಮತ್ತು ಪೆಟ್ಟಿಗೆ, ಈ ಮೂರರಿಂದ. 1865ರಲ್ಲಿ ಷಿಕಾಗೋದ ಯೂನಿಯನ್ ಸ್ಟಾಕ್‌ಯಾರ್ಡ್ಸ್ ಆರಂಭವಾದಾಗ ದನಗಳು ಜೀವಂತವಾಗಿ ರೈಲಿನಲ್ಲಿ ಪೂರ್ವದ ನಗರಗಳಿಗೆ ಹೋಗುತ್ತಿದ್ದವು, ಎಂದರೆ ಮಾರಲಾಗದ ನೂರಕ್ಕೆ ನಲವತ್ತು ಭಾಗ ತೂಕಕ್ಕೂ ಬಾಡಿಗೆ ಕಟ್ಟಬೇಕಿತ್ತು. 1880ರ ಸುಮಾರಿಗೆ ಗಸ್ಟಾವಸ್ ಸ್ವಿಫ್ಟ್ ಮಂಜಿನಿಂದ ತಂಪಾಗಿಸಿದ ರೈಲುಬೋಗಿಗಳಲ್ಲಿ ಕಳೇಬರವನ್ನೇ ಕಳಿಸತೊಡಗಿದ ಮೇಲೆ ಆ ಬಾಡಿಗೆ ಉಳಿಯಿತು. 1967ರಲ್ಲಿ ಅಯೋವಾ ಬೀಫ್ ಪ್ಯಾಕರ್ಸ್ ಮಾಂಸವನ್ನು ವಧಾಗಾರದಲ್ಲಿಯೇ ತುಂಡು ಮಾಡಿ ಪೆಟ್ಟಿಗೆಯಲ್ಲಿ ತುಂಬಿ ಕಳಿಸುವ ಪದ್ಧತಿ ತಂದಿತು, ಎಲುಬಿನ ಬಾಡಿಗೆಯೂ ಉಳಿಯಿತು, ನಗರದ ಅಂಗಡಿಯ ನುರಿತ ಕಟುಕನ ಕೂಲಿಯೂ ಉಳಿಯಿತು. ವಧಾಗಾರಗಳು ನಗರ ಬಿಟ್ಟು ದನ ಇರುವ ಊರುಗಳಿಗೆ ಹೋದವು, 1971ರಲ್ಲಿ ಷಿಕಾಗೋದ ಆ ಹಳೆಯ ದೊಡ್ಡಿ ಮುಚ್ಚಿತು. ಇಂದು ಅಮೆರಿಕದ ಕೊಬ್ಬಿಸಿದ ದನಗಳಲ್ಲಿ ಸುಮಾರು 85 ಪ್ರತಿಶತ ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್ ಎಂಬ ನಾಲ್ಕು ಕಂಪನಿಗಳ ಮೂಲಕ ಹಾದುಹೋಗುತ್ತವೆ. ಇಂಥ ಕೂಟವನ್ನು ಹದ್ದುಬಸ್ತಿನಲ್ಲಿಡಲು 1921ರಲ್ಲಿಯೇ ಅಲ್ಲಿ ಕಾಯ್ದೆ ಬಂದಿತ್ತು ಎಂಬುದನ್ನು ಗಮನಿಸಿದರೆ ಸಮಸ್ಯೆ ಎಷ್ಟು ಹಳೆಯದೆಂದು ತಿಳಿಯುತ್ತದೆ.

ಇದರ ಪರಿಣಾಮ ಒಂದೇ ಘಟನೆಯಲ್ಲಿ ಕಾಣಿಸಿಕೊಂಡದ್ದು 2019ರ ಆಗಸ್ಟ್‌ನಲ್ಲಿ, ಕಾನ್ಸಾಸ್‌ನ ಹಾಲ್ಕಂಬ್ ಎಂಬ ಊರಿನಲ್ಲಿದ್ದ ದೊಡ್ಡ ಸಂಸ್ಕರಣಾ ಘಟಕಕ್ಕೆ ಬೆಂಕಿ ಬಿದ್ದಾಗ. ದನ ಅಷ್ಟೇ ಇತ್ತು, ತಿನ್ನುವವರೂ ಅಷ್ಟೇ ಇದ್ದರು, ನಡುವಿನ ಬಾಗಿಲು ಮಾತ್ರ ಸ್ವಲ್ಪ ಕಿರಿದಾಯಿತು. ಪೆಟ್ಟಿಗೆ ಮಾಂಸದ ಬೆಲೆ ಏರಿತು, ಜೀವಂತ ದನದ ಬೆಲೆ ಇಳಿಯಿತು. 2020ರಲ್ಲಿ ಕೋವಿಡ್‌ನಿಂದ ಘಟಕಗಳು ಮುಚ್ಚಿದಾಗ ಅದೇ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕಾರವಾರದ ಬೈತಖೋಲದಲ್ಲಿ ದೋಣಿಗಳೆಲ್ಲ ಬಂಗಡೆ ತುಂಬಿಕೊಂಡು ಒಟ್ಟಿಗೆ ಬಂದ ದಿನ ಮಂಜುಗಡ್ಡೆಯೂ ಲಾರಿಯೂ ಕಡಿಮೆ ಬಿದ್ದರೆ ದಕ್ಕೆಯ ಮೇಲಿನ ದರ ಏನಾಗುತ್ತದೆಯೋ, ಪೇಟೆಯೊಳಗೆ ಮೀನು ಕೊಳ್ಳುವ ಮನೆಯವರಿಗೆ ಅದರ ಲಾಭ ಎಷ್ಟು ತಟ್ಟುತ್ತದೆಯೋ, ಅದೇ ಲೆಕ್ಕ ಇಲ್ಲಿಯೂ. ಸರಪಳಿಯಲ್ಲಿ ಅತ್ಯಂತ ಇಕ್ಕಟ್ಟಿನ ಜಾಗವನ್ನು ಹಿಡಿದವನು ದರ ಹೇಳುತ್ತಾನೆ, ಸಾಕಿದವನಿಗೆ ಉಳಿದದ್ದು ಸಿಗುತ್ತದೆ.

ಸಾಕಣೆದಾರ ಬೆಲೆಯ ಅಪಾಯದಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲವೇ?

ಇದೆ, ಅರ್ಧಂಬರ್ಧ. ಷಿಕಾಗೋ ಮರ್ಕೆಂಟೈಲ್ ಎಕ್ಸ್‌ಚೇಂಜ್ 1964ರಲ್ಲಿ ಜೀವಂತ ದನದ ಮುಂಗಡ ವ್ಯಾಪಾರ ಆರಂಭಿಸಿತು. ಆರು ತಿಂಗಳ ನಂತರ ಮಾರುವ ದನದ ದರವನ್ನು ಇಂದೇ ಕಟ್ಟಿಹಾಕಲು ಅದರಿಂದ ಸಾಧ್ಯ. ಐವತ್ತು ಹಸುಗಳ ಸಣ್ಣವನಿಗಿಂತ ಫೀಡ್‌ಲಾಟಿನವರಿಗೇ ಅದು ಹೆಚ್ಚು ಒದಗಿದೆ.

ಗೋವಧೆ ನಿಷೇಧವಿರುವ ಭಾರತವು ಬೀಫ್ ರಫ್ತಿನಲ್ಲಿ ಮುಂಚೂಣಿಯಲ್ಲಿದೆ ಎನ್ನುತ್ತಾರೆ, ಇದು ನಿಜವೇ?

ಪದದ ಗೊಂದಲ. ಅಮೆರಿಕದ ಕೃಷಿ ಇಲಾಖೆಯ ಅಂಕಿಅಂಶಗಳಲ್ಲಿ ಹಸು, ಎತ್ತು, ಎಮ್ಮೆ ಎಲ್ಲದರ ಮಾಂಸವೂ ಬೀಫ್ ಎಂಬ ಒಂದೇ ಕಾಲಂನಲ್ಲಿ ಬರುತ್ತದೆ. ಭಾರತದಿಂದ ಹಸು, ಎತ್ತು, ಕರುಗಳ ಮಾಂಸದ ರಫ್ತಿಗೆ ನಿಷೇಧವಿದೆ, ಹೊರಹೋಗುವುದು ಎಲುಬಿಲ್ಲದ ಎಮ್ಮೆ ಮಾಂಸ. ಕೃಷಿ ರಫ್ತನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಅಪೆಡಾ ಸಂಸ್ಥೆಯ ಲೆಕ್ಕದಂತೆ 2023-24ರಲ್ಲಿ ಹೀಗೆ ಹೋದದ್ದು ಸುಮಾರು 13 ಲಕ್ಷ ಟನ್, ಬಂದ ಹಣ ಸುಮಾರು 31 ಸಾವಿರ ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಕಿಲೋಗೆ 240 ರೂಪಾಯಿಯ ಹತ್ತಿರ ಬೀಳುತ್ತದೆ. ಮಲೇಷ್ಯಾ, ವಿಯೆಟ್ನಾಂ, ಈಜಿಪ್ಟ್, ಇರಾಕ್ ಮುಖ್ಯ ಗಿರಾಕಿಗಳು. ರಫ್ತಿನ ಘಟಕಗಳು ಹೆಚ್ಚಾಗಿ ಇರುವುದು ಉತ್ತರ ಪ್ರದೇಶದಲ್ಲಿ.

ಎಲುಬು ತೆಗೆಯುವುದು ರುಚಿಗಾಗಿ ಅಲ್ಲ. ಕಾಲುಬಾಯಿ ಜ್ವರ ನಮ್ಮ ದೇಶದಿಂದ ನಿರ್ಮೂಲವಾಗಿಲ್ಲ. ಅದರ ವೈರಾಣು ಎಲುಬಿನ ಮಜ್ಜೆಯಲ್ಲಿ, ದುಗ್ಧರಸ ಗ್ರಂಥಿಗಳಲ್ಲಿ ಉಳಿದುಕೊಳ್ಳಬಲ್ಲದು. ಕಳೇಬರವನ್ನು 24 ಗಂಟೆ ತಂಪಿನಲ್ಲಿ ಇಟ್ಟಾಗ ಮಾಂಸ ತಾನೇ ಹುಳಿಯೇರಿ ಅದರ ಪಿಎಚ್ 6ಕ್ಕಿಂತ ಕೆಳಗಿಳಿಯುತ್ತದೆ, ಅಷ್ಟು ಹುಳಿಯಲ್ಲಿ ವೈರಾಣು ಬದುಕದು. ಗ್ರಂಥಿ, ಎಲುಬು ತೆಗೆದು, ಹುಳಿಯನ್ನು ಅಳೆದು, ಮೈನಸ್ 18 ಡಿಗ್ರಿಯಲ್ಲಿ ಗಟ್ಟಿಮಾಡಿ, 20 ಕಿಲೋ ಪೆಟ್ಟಿಗೆಗಳಲ್ಲಿ ಕಳಿಸುತ್ತಾರೆ. ಜ್ವರವಿರುವ ದೇಶದ ಮಾಂಸ ಎಂಬ ಹಣೆಪಟ್ಟಿಯಿಂದ ಜಪಾನ್, ಅಮೆರಿಕದಂಥ ಹೆಚ್ಚು ಬೆಲೆಯ ಮಾರುಕಟ್ಟೆಗಳು ಮುಚ್ಚಿವೆ. ಕಾಲುಬಾಯಿ ಜ್ವರದ ಲಸಿಕೆಗೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಮ್ಮೂರ ಕೊಟ್ಟಿಗೆಗೂ ಲಸಿಕೆ ಹಾಕುವವರು ಬರುತ್ತಾರಲ್ಲ, ಅದರ ಹಿಂದೆ ಹಾಲಿನ ನಷ್ಟ ತಡೆಯುವ ಉದ್ದೇಶದ ಜೊತೆಗೆ ಈ ರಫ್ತಿನ ಲೆಕ್ಕವೂ ಇದೆ.

ಇಷ್ಟು ಅಗ್ಗವಾಗಿ ಮಾರಲು ಹೇಗೆ ಸಾಧ್ಯ?

ಎಮ್ಮೆಯನ್ನು ಮಾಂಸಕ್ಕಾಗಿ ಯಾರೂ ಸಾಕುವುದಿಲ್ಲ ಎಂಬುದೇ ಉತ್ತರ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 11 ಕೋಟಿ ಎಮ್ಮೆಗಳಿವೆ. ಅವು ಹುಲ್ಲು, ಹಿಂಡಿ, ಕೂಲಿಯ ಖರ್ಚನ್ನು ಹಾಲಿನಿಂದ ತೀರಿಸಿವೆ. ಕೊನೆಯಲ್ಲಿ ಬರುವ ಮಾಂಸದ ಹಣ ಹೆಚ್ಚುವರಿ. ಕರು ಹುಟ್ಟಿದ ದಿನದಿಂದ ಮಾಂಸವೇ ಎಲ್ಲ ಖರ್ಚನ್ನೂ ಹೊರಬೇಕಾದ ಆಸ್ಟ್ರೇಲಿಯಾದವನು ಈ ದರಕ್ಕೆ ಇಳಿಯಲಾರ. ಇದರ ಕರಾಳ ಮಗ್ಗುಲೂ ಒಂದಿದೆ: ಗಂಡು ಎಮ್ಮೆಕರುವಿಗೆ ಕುಡಿಸಿದ ಹಾಲು ಮಾರಿದ ಹಾಲಿಗಿಂತ ದುಬಾರಿ ಎಂಬ ಕಾರಣಕ್ಕೆ ಅವುಗಳಲ್ಲಿ ಬಹಳಷ್ಟು ಎಳೆಯದರಲ್ಲಿಯೇ ಅಲಕ್ಷ್ಯದಿಂದ ಸಾಯುತ್ತವೆ. ಅವನ್ನು ಉಳಿಸಿ ಬೆಳೆಸಲು ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಯೋಜನೆಯನ್ನೇ ಮಾಡಬೇಕಾಯಿತು.

ಕರ್ನಾಟಕದ ಕಾನೂನು ಈಗ ಏನು ಹೇಳುತ್ತದೆ?

1964ರ ಕಾಯ್ದೆಯು ಹಸುವಿನ ವಧೆಯನ್ನು ನಿಷೇಧಿಸಿ, 12 ವರ್ಷ ದಾಟಿದ ಅಥವಾ ಶಾಶ್ವತವಾಗಿ ಅಶಕ್ತವಾದ ಎತ್ತು, ಹೋರಿ, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯು ಮೊದಲು ಸುಗ್ರೀವಾಜ್ಞೆಯಾಗಿ 2021ರ ಜನವರಿಯಿಂದ ಜಾರಿಗೆ ಬಂತು. ಅದರಂತೆ ಹಸು, ಕರು, ಹೋರಿ, ಎತ್ತುಗಳಿಗೆ ಯಾವ ವಯಸ್ಸಿನಲ್ಲಿಯೂ ವಧೆಯಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಪ್ರಮಾಣಪತ್ರದ ಮೇಲೆ ಅವಕಾಶ. ಮೊದಲ ಅಪರಾಧಕ್ಕೆ 3ರಿಂದ 7 ವರ್ಷಗಳವರೆಗೆ ಸೆರೆವಾಸ, ಅಥವಾ ಒಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ.

ಹದಿಮೂರು ಎಂಬ ಸಂಖ್ಯೆಯನ್ನು ಲೆಕ್ಕದ ಕಣ್ಣಿನಿಂದ ನೋಡಬೇಕು. ಎಮ್ಮೆ ನಾಲ್ಕು ವರ್ಷದ ಸುಮಾರಿಗೆ ಮೊದಲ ಸೂಲು ಕಂಡು, ಹದಿಮೂರರ ಹೊತ್ತಿಗೆ ಐದಾರು ಸೂಲು ಮುಗಿಸಿರುತ್ತದೆ. ಹಾಲಿನ ಎಮ್ಮೆಗೆ ಆ ವಯಸ್ಸು ಅಷ್ಟೇನೂ ದೂರದ್ದಲ್ಲ. ಆದರೆ ಹೂಟಿಯ ಕೆಲಸ ಟಿಲ್ಲರಿಗೆ ಹೋದ ಈ ಕಾಲದಲ್ಲಿ ಗಂಡುಕರುವನ್ನು ಹದಿಮೂರು ವರ್ಷ ಕಟ್ಟಿ ಮೇಯಿಸುವವರು ಸಿಗುವುದಿಲ್ಲ. ಹೀಗಾಗಿ ಕಾಯ್ದೆ ತೆರೆದಿಟ್ಟ ಕಿಂಡಿಯಲ್ಲಿ ಕೋಣ ಹಾಯುವುದು ಕಾಗದದ ಮೇಲೆ ಮಾತ್ರ.

ಗಡಿಯಾಚೆಯ ಗೋವಾದ ಮಾರುಕಟ್ಟೆಗೂ ನಮಗೂ ಏನು ಸಂಬಂಧ?

ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಹಸುವಿನ ವಧೆಗೆ 1978ರಿಂದ ನಿಷೇಧವಿದ್ದರೂ ಎತ್ತು, ಎಮ್ಮೆಗಳ ಮಾಂಸ ಸ್ಥಳೀಯ ಊಟದ ಭಾಗ, ಪ್ರವಾಸಿ ಹೋಟೆಲುಗಳ ಬೇಡಿಕೆಯೂ ಸೇರಿಕೊಂಡಿದೆ. ಫೋಂಡಾ ತಾಲೂಕಿನ ಉಸಗಾಂವದಲ್ಲಿ ಸರ್ಕಾರಿ ವಧಾಗಾರವಿದೆ. ಗೋವಾದಲ್ಲಿ ದನ ಕಡಿಮೆ, ಬೇಡಿಕೆ ಹೆಚ್ಚು, ಆದ್ದರಿಂದ ಪೂರೈಕೆ ಬಹುಕಾಲ ಬೆಳಗಾವಿಯ ಕಡೆಯಿಂದ ನಡೆಯುತ್ತಿತ್ತು. 2021ರಲ್ಲಿ ನಮ್ಮ ಕಾಯ್ದೆ ಜಾರಿಯಾದ ಕೂಡಲೇ ಅಲ್ಲಿ ಕೊರತೆ ತಲೆದೋರಿತು. ಬೇಡಿಕೆ ಗಡಿಯ ಆ ಬದಿಗೆ, ಪೂರೈಕೆ ಈ ಬದಿಗೆ, ನಡುವೆ ಕಾನೂನು ಇದ್ದಾಗ ಆ ಅಂತರದ ಹಣವು ಅಪಾಯ ಹೊತ್ತು ಸಾಗಿಸುವವನಿಗೆ ಹೋಗುತ್ತದೆ, ದನ ಸಾಕಿದವನಿಗೆ ಬರುವುದಿಲ್ಲ. ಕಾನೂನುಬದ್ಧ ಮಾರುಕಟ್ಟೆ ಇಲ್ಲದ ಕಡೆ ಮಾರುವವನಿಗೆ ಚೌಕಾಸಿ ಮಾಡುವ ಬಾಯಿಯೇ ಇರುವುದಿಲ್ಲ, ಹಾವೇರಿಯ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು ಮಾಡುವ ವ್ಯಾಪಾರದಷ್ಟೂ ಅನುಕೂಲ ಅವನಿಗಿಲ್ಲ.

ಕೊನೆಯ ಬೆಲೆ ಇಲ್ಲವಾದರೆ ಹಾಲಿನ ವೆಚ್ಚ ಎಷ್ಟು ಏರುತ್ತದೆ?

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ, ನಿಮ್ಮ ಕೊಟ್ಟಿಗೆಯ ಅಂಕಿ ಬೇರೆಯಿದ್ದರೆ ಅದನ್ನೇ ಇಟ್ಟು ನೋಡಬಹುದು. ಮಿಶ್ರತಳಿಯ ಹಸು ಐದು ಸೂಲಿನಲ್ಲಿ, ಸೂಲಿಗೆ 2,000 ಲೀಟರಿನಂತೆ, 10,000 ಲೀಟರ್ ಕೊಟ್ಟಿತು ಎನ್ನಿ. ಕೊನೆಗೆ 15,000 ರೂಪಾಯಿಗೆ ಮಾರಬಹುದಾಗಿದ್ದದ್ದು ಮಾರಾಟವಾಗಲಿಲ್ಲ. ಬದಲಿಗೆ ಇನ್ನೈದು ವರ್ಷ ಸಾಕಬೇಕಾಯಿತು. ಆ ಸಾಕಣೆಯ ಖರ್ಚಿಗೆ ಒಂದು ಅಳತೆ ಬೇಕಲ್ಲ, 2022ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ರಾಸಿನ ವರ್ಷದ ಪಾಲನೆಗೆ ನಿಗದಿಪಡಿಸಿದ 11,000 ರೂಪಾಯಿಯನ್ನೇ ಹಿಡಿಯೋಣ. ಅದು ದಿನಕ್ಕೆ 30 ರೂಪಾಯಿ, ಹಿಂಡಿಯ ಇಂದಿನ ದರದಲ್ಲಿ ಧಾರಾಳವೇನೂ ಅಲ್ಲ. ಐದು ವರ್ಷಕ್ಕೆ 55,000, ಕೈತಪ್ಪಿದ 15,000 ಸೇರಿ 70,000. ಹತ್ತು ಸಾವಿರ ಲೀಟರಿಗೆ ಹಂಚಿದರೆ ಲೀಟರಿಗೆ 7 ರೂಪಾಯಿ.

ರಾಜ್ಯ ಸರ್ಕಾರ ಕೊಡುವ ಹಾಲಿನ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಪ್ರೋತ್ಸಾಹಧನ ಕೊಟ್ಟದ್ದು ಈ ಕಾರಣಕ್ಕಲ್ಲ, ಅದು 2020ರ ಕಾಯ್ದೆಗಿಂತ ಹಳೆಯದು. ಆದರೆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಒಂದು ಕೈಯಿಂದ ಬಂದದ್ದು ಇನ್ನೊಂದು ಕೈಯಿಂದ ಹೋಗುವುದು ಕಾಣುತ್ತದೆ. ಹಸುವನ್ನು ಬೀದಿಗೆ ಬಿಟ್ಟವನಿಗೆ ಈ ಏಳು ರೂಪಾಯಿ ತಗಲುವುದಿಲ್ಲ. ಅದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ರಾತ್ರಿ ಮಲಗಿದ ದನಕ್ಕೆ ಗುದ್ದಿದ ಬೈಕಿನವನಿಗೂ, ಬೇಲಿ ಹಾರಿ ಬಂದದ್ದರಿಂದ ಗದ್ದೆ ಕಳೆದುಕೊಂಡವನಿಗೂ ತಗಲುತ್ತದೆ.

ಮುದಿ ಹಸು ಸಗಣಿ ಕೊಡುತ್ತದಲ್ಲ, ಅದಕ್ಕೆ ಬೆಲೆಯಿಲ್ಲವೇ?

ಇದೆ. ಈ ಪ್ರಶ್ನೆಯೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಹಲವು ಬಾರಿ ಬಂದು ಎರಡು ಬಗೆಯ ಉತ್ತರ ಪಡೆದಿದೆ. 1958ರಲ್ಲಿ ಮೊಹಮ್ಮದ್ ಹನೀಫ್ ಖುರೇಶಿ ಪ್ರಕರಣದಲ್ಲಿ ನ್ಯಾಯಾಲಯವು ಹಸು ಮತ್ತು ಕರುಗಳ ವಧೆಯ ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತಾದರೂ, ಉಪಯೋಗ ತೀರಿದ ಎತ್ತು, ಎಮ್ಮೆಗಳು ಇರುವ ಅಲ್ಪ ಮೇವನ್ನು ದುಡಿಯುವ ಪ್ರಾಣಿಗಳಿಂದ ಕಸಿಯುತ್ತವೆ ಎಂಬ ಕಾರಣಕ್ಕೆ ಅವುಗಳ ಮೇಲಿನ ಪೂರ್ಣ ನಿಷೇಧವನ್ನು ಒಪ್ಪಲಿಲ್ಲ. 2005ರಲ್ಲಿ ಗುಜರಾತಿನ ಕಾಯ್ದೆಯ ಕುರಿತ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಬಹುಮತವು, ಸಗಣಿ ಮತ್ತು ಮೂತ್ರದ ದೆಸೆಯಿಂದ ಯಾವ ವಯಸ್ಸಿನಲ್ಲಿಯೂ ಈ ಪ್ರಾಣಿಗಳನ್ನು ನಿರುಪಯುಕ್ತ ಎನ್ನಲಾಗದು ಎಂದು ಹೇಳಿ ನಿಷೇಧವನ್ನು ಎತ್ತಿಹಿಡಿಯಿತು.

ನನ್ನ ಅನುಭವದಲ್ಲಿ ಎರಡು ತೀರ್ಪುಗಳೂ ನಮ್ಮ ಜಿಲ್ಲೆಯೊಳಗೇ ನಿಜವಾಗಿವೆ, ಒಂದು ಘಟ್ಟದ ಮೇಲೆ, ಒಂದು ಘಟ್ಟದ ಕೆಳಗೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟಿಗನಿಗೆ ತೋಟದ ಎಕರೆಗೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಎಂದರೆ ಸೊಪ್ಪು ತರಗೆಲೆ ತರಲು ಬಿಟ್ಟ ಕಾಡಿನ, ಸವಲತ್ತಿದೆ. ಬೆಟ್ಟದ ಸೊಪ್ಪು, ತರಗೆಲೆ ಕೊಟ್ಟಿಗೆಗೆ ಹಾಸಾಗಿ, ಸಗಣಿ ಮೂತ್ರದಲ್ಲಿ ನೆನೆದು ಗೊಬ್ಬರವಾಗಿ ಮರದ ಬುಡಕ್ಕೆ ಹೋಗುತ್ತದೆ. ಆ ವ್ಯವಸ್ಥೆಯಲ್ಲಿ ದನವು ಸೊಪ್ಪನ್ನು ಗೊಬ್ಬರ ಮಾಡುವ ಯಂತ್ರ, ಕರಾವು ನಿಂತರೂ ಆ ಯಂತ್ರ ನಿಲ್ಲುವುದಿಲ್ಲ. ಹಾಲು ಬಿಟ್ಟ ಹಸುವನ್ನು ಇಲ್ಲಿಯ ಮನೆಗಳು ಕಟ್ಟಿಕೊಂಡದ್ದರಲ್ಲಿ ಭಕ್ತಿಯಷ್ಟೇ ಅಡಿಕೆಯ ಲೆಕ್ಕವೂ ಇತ್ತು. ಬೆಟ್ಟಕ್ಕೆ ಹೋಗಿ ಕರಡ ಮೇಯ್ದು ಬರುವ ಗಿಡ್ಡ ತಳಿಗೆ ಇದು ಚೆನ್ನಾಗಿ ಹೊಂದುತ್ತದೆ, ಚೀಲದ ಹಿಂಡಿ ಬೇಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗೆ ಅಷ್ಟು ಹೊಂದುವುದಿಲ್ಲ.

ಘಟ್ಟ ಇಳಿದು ಅಂಕೋಲಾ, ಕಾರವಾರದ ಬಯಲಿಗೆ ಬಂದರೆ ಹಿಡುವಳಿ ಚಿಕ್ಕದು, ಭತ್ತದ ಗದ್ದೆ ಹಲವೆಡೆ ಹಡಿಲು ಬಿದ್ದಿದೆ, ಮೇಯಲು ಬೆಟ್ಟವಿಲ್ಲ, ಗೊಬ್ಬರ ಹಾಕಲು ತೋಟವಿಲ್ಲ. ಅದೇ ಸಗಣಿಗೆ ಅಲ್ಲಿ ಸಾಗಣೆಯ ಖರ್ಚೂ ಹುಟ್ಟುವುದು ಕಷ್ಟ. ಬಿಡಾಡಿ ದನಗಳು ಘಟ್ಟದ ಮೇಲಿಗಿಂತ ಕರಾವಳಿಯ ರಸ್ತೆಗಳಲ್ಲಿ ಹೆಚ್ಚು ಕಾಣಲು ಕರಾವಳಿಯವರ ಮನಸ್ಸು ಕಾರಣವಲ್ಲ, ತೋಟವಿಲ್ಲದಿರುವುದು ಕಾರಣ.

ಎಮ್ಮೆಗಳನ್ನೇ ನಂಬಿದ ಗೌಳಿಗರ ಸ್ಥಿತಿ ಏನು?

ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೊಯಿಡಾದ ಕಾಡಂಚಿನ ಗೌಳಿವಾಡೆಗಳಲ್ಲಿ ದನಗರ ಗೌಳಿಗಳು ತಲೆಮಾರುಗಳಿಂದ ಎಮ್ಮೆ ಕಟ್ಟಿ ಹಾಲು, ಬೆಣ್ಣೆ, ತುಪ್ಪ ಮಾರಿ ಬದುಕಿದವರು. ಅವರಲ್ಲಿ ಎಮ್ಮೆಯೇ ಬ್ಯಾಂಕು, ಮದುವೆಗೂ ಆಸ್ಪತ್ರೆಗೂ ಒಂದನ್ನು ಮಾರುವುದು ರೂಢಿ. ಮುದಿ ಎಮ್ಮೆಗೆ ಕೊಳ್ಳುವವರು ಕಡಿಮೆಯಾದಷ್ಟೂ, ವಯಸ್ಸಿನ ಪ್ರಮಾಣಪತ್ರಕ್ಕೆ ಓಡಾಟ ಹೆಚ್ಚಿದಷ್ಟೂ ಆ ಬ್ಯಾಂಕಿನಲ್ಲಿಟ್ಟ ಠೇವಣಿ ಕರಗುತ್ತದೆ. ಮೇವಿನ ಕಾಡು ಕುಗ್ಗಿದ್ದು ಇದಕ್ಕಿಂತ ದೊಡ್ಡ ಪೆಟ್ಟು ಎಂಬುದನ್ನೂ ಸೇರಿಸಬೇಕು.

ಗಂಡುಕರುವೇ ಹುಟ್ಟದಂತೆ ಮಾಡಬಹುದಂತೆ, ಅದು ಪರಿಹಾರವೇ?

ಲಿಂಗ ನಿರ್ಧರಿತ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸಿದರೆ ಹುಟ್ಟುವ ಕರುಗಳಲ್ಲಿ ಸುಮಾರು 90 ಪ್ರತಿಶತ ಹೆಣ್ಣಾಗುತ್ತವೆ. ರಾಷ್ಟ್ರೀಯ ಗೋಕುಲ ಮಿಷನ್ ಅಡಿಯಲ್ಲಿ ಇದಕ್ಕೆ ಸಹಾಯಧನವಿದೆ. ಸಾಮಾನ್ಯ ವೀರ್ಯಕ್ಕಿಂತ ಗಬ್ಬ ಕಟ್ಟುವ ಪ್ರಮಾಣ ಸ್ವಲ್ಪ ಕಡಿಮೆ, ಬೆಲೆ ಹೆಚ್ಚು. ಗಂಡುಕರುವಿನ ಪ್ರಶ್ನೆಗೆ ಇದು ಒಳ್ಳೆಯ ಉತ್ತರವೇ. ಆದರೆ ಹೆಣ್ಣುಕರು ಹೆಚ್ಚಿದರೆ ಹತ್ತು ವರ್ಷಗಳ ನಂತರ ಕರಾವು ನಿಂತ ಹಸುಗಳೂ ಅಷ್ಟೇ ಹೆಚ್ಚುತ್ತವೆ, ಆ ಲೆಕ್ಕವನ್ನು ಪ್ರಚಾರಪತ್ರದಲ್ಲಿ ಬರೆದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಕೊಟ್ಟಿಗೆಯ ಲೆಕ್ಕವನ್ನು ಬರೆಯುವುದು ಹೇಗೆ?

ಹೆಚ್ಚಿನವರು ಹಾಲಿನ ಬಟವಾಡೆಯಿಂದ ಹಿಂಡಿಯ ಬಿಲ್ ಕಳೆದು ಉಳಿದದ್ದನ್ನು ಲಾಭ ಎನ್ನುತ್ತಾರೆ. ಅದಕ್ಕೆ ಎರಡು ಸಾಲು ಸೇರಿಸಬೇಕು. ಮೊದಲನೆಯದು, ಕೊಟ್ಟಿಗೆಯಿಂದ ತೋಟಕ್ಕೆ ಹೋದ ಗೊಬ್ಬರವನ್ನು ಬುಟ್ಟಿಯ ಲೆಕ್ಕದಲ್ಲಿ ಬರೆದಿಟ್ಟು, ಅದೇ ಗೊಬ್ಬರ ಹೊರಗಿನಿಂದ ಕೊಂಡರೆ ಬೀಳುವ ದರವನ್ನು ದನದ ಖಾತೆಗೆ ಜಮಾ ಮಾಡುವುದು, ತೋಟದ ಖಾತೆಗೆ ಖರ್ಚು ಹಾಕುವುದು. ಎರಡನೆಯದು, ಕರೆಯುವ ಪ್ರತಿ ಹಸುವಿನ ಹೆಸರಿನಲ್ಲಿ ಲೀಟರಿಗೆ ಇಂತಿಷ್ಟು ಎಂದು ಅದರ ಮುದಿತನಕ್ಕಾಗಿ ತೆಗೆದಿಡುವುದು. ಏಳು ರೂಪಾಯಿಯೇ ಆಗಬೇಕೆಂದಿಲ್ಲ. ಗೊಬ್ಬರದ ಜಮೆ ದಿನಕ್ಕೆ 20 ರೂಪಾಯಿ ಬಂದರೂ ಮುದಿ ಹಸುವಿನ ವರ್ಷದ 11,000ದಲ್ಲಿ 7,300 ಅಲ್ಲಿಯೇ ತೀರುತ್ತದೆ, ಉಳಿದ 3,700ನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ, ಮಾರಾಟವಾಗದ 15,000 ಸೇರಿಸಿದರೆ ಲೀಟರಿಗೆ 3 ರೂಪಾಯಿ 35 ಪೈಸೆಗೆ ಇಳಿಯುತ್ತದೆ. ತೋಟವಿಲ್ಲದವನ ಪುಸ್ತಕದಲ್ಲಿ ಅದು ಏಳೇ ಆಗಿ ಉಳಿಯುತ್ತದೆ. ಹಸು ಕೊಳ್ಳುವ ಮೊದಲು ಈ ಒಂದು ಭಾಗಾಕಾರ ಮಾಡಿದರೆ ಸಾಕು, ಎಷ್ಟು ರಾಸು ಕಟ್ಟಬಹುದು, ಯಾವ ತಳಿ ಕಟ್ಟಬಹುದು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.